ಮೂರು ಮಷೀನು, ನಿಂಬೆವ್ವನ ದನಿ

ಕಲ್ಯಾಣಕುಮಾರ ಬಿ.ಎ. ಓದಿದ್ದು ಕಲಬುರಗಿಯಲ್ಲಿ; ಅದನ್ನು ಬಳಸಿದ್ದು 'ಬ್ಯಾ' ಎಂದು ಆಡಿನ ದನಿ ತೆಗೆಯುವುದಕ್ಕೆ. ಮದುವೆಮನೆಗಳಲ್ಲಿ ಮೈಕು ಕೈಗೆ ಬಂದೊಡನೆ ಈ ಮಾತನ್ನು ಅವನೇ ಹೇಳಿಕೊಂಡು, ಮಂದಿ ನಗುವ ಮೊದಲು ತಾನೇ ನಗುತ್ತಿದ್ದ. ಆಡು, ಪ್ರೆಶರ್ ಕುಕ್ಕರು, ಏರು ಹತ್ತಲಾರದೆ ನರಳುವ ಬಸ್ಸು, ಮಗಳನ್ನು ಕಳಿಸುವಾಗ ಅಳಲಾರದೆ ಕೆಮ್ಮುವ ಅಪ್ಪ, ಎರಡು ನಿಮಿಷ ಎಂದು ಹೇಳಿ ಎರಡು ತಾಸು ಮಾತಾಡುವ ಸಣ್ಣ ಲೀಡರು, ಎಲ್ಲರೂ ಅವನ ಗಂಟಲಿನಲ್ಲಿ ಬಾಡಿಗೆಗಿದ್ದರು. ಮದುವೆಯಿಲ್ಲದ ದಿನ ಅವನು ಶರಫುದ್ದೀನನ ಆಟೋದ ತಲೆಗೆ ಮೈಕು ಕಟ್ಟಿಕೊಂಡು ಆಳಂದ, ಅಫಜಲಪುರ, ಜೇವರ್ಗಿ ಎಂದು ಸಂತೆಯಿಂದ ಸಂತೆಗೆ ಜಾಹೀರಾತು ಕೂಗುತ್ತ ತಿರುಗುತ್ತಿದ್ದ.

ಮೂರು ತಾಲ್ಲೂಕಿನಲ್ಲಿ ಅವನಿಗೆ ಹೆಸರು ತಂದ ಜಾಹೀರಾತು ಒಂದೇ: ಮಾದನಹಿಪ್ಪರಗಾದ ಹೆಂಗಸರ ಸಂಘದ ಖಡಕ್ ರೊಟ್ಟಿಯದು. ಸಂಘದಲ್ಲಿ ಹನ್ನೊಂದು ಜನ, ಎಲ್ಲರಿಗೂ ಹಿರಿಯಳು, ಎಲ್ಲರೂ 'ಆಯಿ' ಎಂದು ಕರೆಯುವ ನಿಂಬೆವ್ವ. ಆರು ವರ್ಷದ ಹಿಂದೆ ಕಲ್ಯಾಣಕುಮಾರ ಅವಳ ದನಿಯೆಂದು ಒಂದು ದನಿ ತೆಗೆದಿದ್ದ. ಹಲ್ಲಿಲ್ಲದ ಬಾಯಿಂದ ಗಾಳಿ ಸೋರುವ, ಅರ್ಧ ಗೋಗರೆಯುವ ಅರ್ಧ ಗದರಿಸುವ ದನಿ. "ಏ ಮಗಾ, ಈ ಮುದುಕಿ ಬಡಿದ ರೊಟ್ಟಿ ತೊಗೊಂಡ್ ಹೋಗೋ! ನನ್ನ ಹಲ್ಲಂತೂ ಹೋದ್ವು, ನಿನ್ನವು ಅದಾವಲ್ಲ, ಕಟುಮ್ ಅನಸೋ!" ಸಂತೆಯಲ್ಲಿ ಮಂದಿ ಮೊದಲು ನಿಂತು ನಗುತ್ತಿದ್ದರು, ಆಮೇಲೆ ರೊಟ್ಟಿಯ ಕಟ್ಟು ಕೊಳ್ಳುತ್ತಿದ್ದರು. ಮಕ್ಕಳು ಆಟೋದ ಹಿಂದೆ ಓಡುತ್ತ ಆ ದನಿಯನ್ನು ಅಣಕಿಸುವುದೂ ರೂಢಿಯಾಗಿತ್ತು. ಅಣಕಕ್ಕೂ ಅಣಕ ಹುಟ್ಟಿದ ಮೇಲೆ ಕಲಾವಿದ ಗೆದ್ದಂತೆಯೇ ಎಂದು ಕಲ್ಯಾಣಕುಮಾರ ನಂಬಿದ್ದ.

ಹೀಗಿರುವಾಗ ಒಂದು ಸೋಮವಾರ ಸಂಘದ ಅಧ್ಯಕ್ಷೆ ಜಯಮಾಲಾ ಬಸ್ಸಿಳಿದು ನೇರ ಅವನ ಅಂಗಡಿಗೆ ಬಂದಳು. ಅಂಗಡಿ ಎಂದರೆ ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರು, ಎರಡು ಸ್ಪೀಕರು, ಮೂರು ಕಾಲಿನ ಒಂದು ಕುರ್ಚಿ. ಕುರ್ಚಿಯನ್ನು ಬಲ್ಲ ಜಯಮಾಲಾ ನಿಂತೇ ಮಾತಾಡಿದಳು.

"ಕಲ್ಯಾಣಣ್ಣ, ನೀ ಓದಿದಾವ ಇದ್ದಿ, ಒಂದ್ ಕೆಲ್ಸ ಮಾಡು. ಈ ಎ.ಐ. ಅಂತಾರಲ್ಲ, ನನ್ನ ತಂಗಿ ಮಗ ಫೋನ್‌ನ್ಯಾಗ ಮೂರು ಹಾಕಿ ಕೊಟ್ಟಾನ, ನಿನಗೂ ಹಾಕಿ ಕೊಡ್ತಾನ. ಮೂರೂ ವೆಬ್‌ಸೈಟ್ ಮಾಡ್ತಾವಂತ, ವಿಡಿಯೋ ಮಾಡ್ತಾವಂತ, ಹಾಡೂ ಕಟ್ತಾವಂತ. ಏಳು ದಿನ ಪುಕ್ಕಟ. ಆಮ್ಯಾಲ ಒಂದನ್ನ ಇಟ್ಕೋಬೇಕು, ಎರಡು ಬಿಡ್ಬೇಕು. ಯಾವ್ದು ಛಲೋ ಅದ, ಹೋಲಿಸಿ ಹೇಳು."

"ಮಾತೂ ಆಡ್ತಾವೇನು?" ಕಲ್ಯಾಣಕುಮಾರ ತಣ್ಣಗೆ ಕೇಳಿದ.

"ಅದನ್ನೂ ನೋಡು. ಮಾತಾಡಿದ್ರಂತೂ ಛಲೋನೇ ಆತು. ನಿನಗೂ ಬಿಸಲಾಗ ತಿರುಗೋದು ತಪ್ತದ."

ಅವಳು ಅಕ್ಕರೆಯಿಂದಲೇ ಅಂದದ್ದು. ಬಿಸಿಲು ತಪ್ಪಿದವರಿಗೆಲ್ಲ ನೆರಳು ಸಿಗುತ್ತದೆಂದು ಅವಳು ತಿಳಿದಿದ್ದಳು. ಸಂತೆಯೇ ತಪ್ಪಿದರೆ ತಾನು ಯಾರೆಂದು ಕಲ್ಯಾಣಕುಮಾರ ಯೋಚಿಸಿದ. ಮದುವೆಗಳಲ್ಲಿ ಈಗ ಡಿ.ಜೆ. ಬಂದು ಕೂತಿತ್ತು, ನಿಂಬೆವ್ವನ ದನಿಯೊಂದೇ ಅವನನ್ನು ವಾರಕ್ಕೊಮ್ಮೆ ಊರ ಮುಂದೆ ನಿಲ್ಲಿಸುತ್ತಿದ್ದದ್ದು. ತನ್ನ ಕತ್ತಿಗೆ ಯಾವ ಹಗ್ಗ ಸರಿಹೊಂದುತ್ತದೆಂದು ಅಳತೆ ತೆಗೆದು ಹೇಳುವ ಕೆಲಸ ಅವನ ಪಾಲಿಗೆ ಬಂದಿತ್ತು. ಆದರೂ "ಹೂಂ, ಶುಕ್ರವಾರ ಬಂದು ಹೇಳ್ತೇನಿ" ಎಂದ. ಓದಿದವನು ಎಂದು ಕರೆದ ಮೇಲೆ ಇಲ್ಲವೆನ್ನುವುದು ಕಷ್ಟ.

ಶರಫುದ್ದೀನ ಆಟೋವನ್ನು ಅಂಗಡಿಯ ಬಾಗಿಲಿಗೆ ಒತ್ತಿ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಚಹಾ ಹಿಡಿದು ಕೂತ. ಪರೀಕ್ಷೆ ಶುರುವಾಯಿತು.

ಮೊದಲ ಮಷೀನಿಗೆ ಕಲ್ಯಾಣಕುಮಾರ 'ಜರಿಶಾಲು' ಎಂದು ಹೆಸರಿಟ್ಟ. ಅದು ಒಂದೂವರೆ ನಿಮಿಷದಲ್ಲಿ ವೆಬ್‌ಸೈಟ್ ಕಟ್ಟಿ ಮುಂದಿಟ್ಟಿತು. ಬಂಗಾರದ ಅಂಚು, ಹಿಂದೆ ನೀರು ತುಂಬಿದ ಭತ್ತದ ಗದ್ದೆ, ಮೇಲೆ 'ನೂರೈವತ್ತು ವರ್ಷಗಳ ರಾಜಪರಂಪರೆಯ ರೊಟ್ಟಿ' ಎಂಬ ಬರಹ.

"ಸಂಘಕ್ಕ ಎಷ್ಟ್ ವರ್ಷ ಆತು?" ಶರಫುದ್ದೀನ ಕೇಳಿದ.

"ಏಳು."

"ಹಂಗಾದ್ರ ಉಳಿದ ನೂರಾ ನಲವತ್ಮೂರ್ ವರ್ಷ ಹಿಟ್ಟ್ ನಾದ್ಯಾರ, ಬಿಡು."

ಮೂರನೆಯದರ ಹೆಸರು 'ಪುಕ್ಕಟೆರಾಯ'. ಯಾವುದನ್ನು ಕೇಳಿದರೂ ಅದು ಮೊದಲು ತಪ್ಪಾಯಿತೆಂದು ಕೈಮುಗಿದು, ಆಮೇಲೆ ತಪ್ಪು ಮಾಡುತ್ತಿತ್ತು. ಅದರ ವೆಬ್‌ಸೈಟಿನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ 'ನಮ್ಮ ರೊಟ್ಟಿಗಳು ನಿಮ್ಮನ್ನು ತಿನ್ನಲು ಕಾದಿವೆ' ಎಂದಿತ್ತು.

ನಡುವಿನದು 'ಮಾಸ್ತರ'. ಅದು ಏನನ್ನೂ ಮಾಡುವ ಮೊದಲು ಪ್ರಶ್ನೆ ಕೇಳುತ್ತಿತ್ತು. ರೊಟ್ಟಿ ಎಷ್ಟು ದಿನ ಕೆಡುವುದಿಲ್ಲ? ಯಾವ ಜೋಳ, ಬಿಳಿಯದೋ ಮತ್ತೊಂದೋ? ದೂರದ ಊರಿಗೆ ಕಳಿಸಿದಾಗ ಮುರಿದರೆ ಗಿರಾಕಿಗೆ ಏನು ಹೇಳುತ್ತೀರಿ? ಕೊನೆಯ ಪ್ರಶ್ನೆಗೆ ಕಲ್ಯಾಣಕುಮಾರ ಜಯಮಾಲಾಳಿಗೆ ಫೋನು ಹಚ್ಚಬೇಕಾಯಿತು. ಅವಳು "ಇದನ್ನ ಇನ್ನತನಕ ಯಾರೂ ಕೇಳಿದ್ದಿಲ್ಲ ನೋಡು" ಅಂದಳು. ಉತ್ತರ ಸಿಕ್ಕ ಮೇಲೆ ಮಾಸ್ತರ ಬರೆದ ಪುಟದಲ್ಲಿ ಬಂಗಾರವೂ ಇರಲಿಲ್ಲ, ಗದ್ದೆಯೂ ಇರಲಿಲ್ಲ; ಓದಿದರೆ ರೊಟ್ಟಿ ತಿನ್ನಬೇಕೆನಿಸುವಂತಿತ್ತು.

ವಿಡಿಯೋದಲ್ಲಿ ಮೂರೂ ಜಾರಿ ಬಿದ್ದವು. ಜರಿಶಾಲಿನ ಹೆಂಗಸು ರೇಷ್ಮೆಸೀರೆ ಉಟ್ಟು ಲಟ್ಟಣಿಗೆಯಿಂದ ರೊಟ್ಟಿ ಲಟ್ಟಿಸಿದಳು. ಮಾಸ್ತರನ ಹೆಂಗಸು ಕೈಯಿಂದಲೇ ಬಡಿದಳು, ಆದರೆ ರೊಟ್ಟಿ ಪೂರಿಯಂತೆ ಉಬ್ಬಿ ಹಂಚಿನಿಂದ ಒಂದು ಗೇಣು ಮೇಲೆದ್ದು ನಿಂತಿತು. ಪುಕ್ಕಟೆರಾಯನ ಹೆಂಗಸು ರೊಟ್ಟಿ ಕಚ್ಚಿದಳು, ಅಗಿದಳು, ನುಂಗಿದಳು; ರೊಟ್ಟಿ ಮಾತ್ರ ಪೂರ್ತಿಯಾಗಿಯೇ ಉಳಿದಿತ್ತು.

"ಇಂಥಾ ರೊಟ್ಟಿ ಇದ್ರ ಸಂಘಕ್ಕ ಬೀಗಾನೇ," ಎಂದ ಶರಫುದ್ದೀನ. "ಮನಿಗೊಂದು ತೊಗೊಂಡ್ರ ಮೊಮ್ಮಕ್ಕಳ ಮಟಾ ಸಾಕು."

ಕಲ್ಯಾಣಕುಮಾರ ಎದ್ದು ನಿಂತು ಮೂರೂ ಮಷೀನುಗಳ ಪಾತ್ರ ಕಟ್ಟಿದ. ಎದೆಯುಬ್ಬಿಸಿದ ಜರಿಶಾಲು, ಮೂಗಿನಲ್ಲಿ ಪ್ರಶ್ನೆ ಕೇಳುವ ಮಾಸ್ತರ, ಕೈ ಹೊಸೆಯುವ ಪುಕ್ಕಟೆರಾಯ, ಮೂವರೂ ಒಂದೇ ಹುಡುಗಿಯನ್ನು ನೋಡಲು ಬಂದ ಗಂಡುಗಳಂತೆ ಜಗಳಾಡಿದರು. ಶರಫುದ್ದೀನ ನಕ್ಕು ನಕ್ಕು ಚಹಾ ಚೆಲ್ಲಿಕೊಂಡ. ಮಷೀನುಗಳನ್ನು ಅಣಕಿಸಿದ್ದೇ ತಡ, ಕಲ್ಯಾಣಕುಮಾರನ ಎದೆಯ ಭಾರ ಇಳಿಯಿತು. ಅಣಕಿಸಲು ಸಿಕ್ಕದ್ದು ತನಗಿಂತ ಸಣ್ಣದು ಎಂಬುದು ಅವನ ಜೀವಮಾನದ ಲೆಕ್ಕ.

ಆ ಧೈರ್ಯದಲ್ಲಿಯೇ ಅವನು ಮಾತಿನ ಪರೀಕ್ಷೆಗೆ ಇಳಿದ. ಜರಿಶಾಲು, ಪುಕ್ಕಟೆರಾಯ ಇಬ್ಬರಿಗೂ ಕನ್ನಡ ಗಂಟಲಲ್ಲಿಯೇ ಸಿಕ್ಕಿಕೊಂಡಿತು. ಮಾಸ್ತರ ಮಾತ್ರ, ಬೇಕಾದ ದನಿಯ ಅರ್ಧ ನಿಮಿಷದ ಮಾದರಿ ಕೊಡಿ ಎಂದಿತು; ಕೆಳಗೆ, ದನಿಯ ಒಡೆಯರ ಒಪ್ಪಿಗೆ ಇದೆಯೇ ಎಂದು ಕೇಳಿ ಒಂದು ಖಾಲಿ ಚೌಕ ಇಟ್ಟಿತು. ಕಲ್ಯಾಣಕುಮಾರನ ಬಳಿ ಇದ್ದದ್ದು ತನ್ನದೇ ಜಾಹೀರಾತು. ಅದರ ಒಡೆಯ ಯಾರು ಎಂದು ಯೋಚಿಸಲು ಅವನಿಗೆ ಹೊಳೆಯಲೇ ಇಲ್ಲ. ಚೌಕದಲ್ಲಿ ಗುರುತು ಹಾಕಿ ರೆಕಾರ್ಡು ಏರಿಸಿದ.

ಒಂದು ನಿಮಿಷದ ಮೇಲೆ ಸ್ಪೀಕರಿನಿಂದ ನಿಂಬೆವ್ವ ಮಾತಾಡಿದಳು. ಅವನು ಎಂದೂ ಹೇಳದಿದ್ದ ಮಾತುಗಳನ್ನು, ಅದೇ ಗಾಳಿ ಸೋರುವ ಬಾಯಿಂದ, ಅದೇ ಗದರಿಕೆಯಲ್ಲಿ ಹೇಳಿದಳು. ಸೊಲ್ಲಾಪುರದ ಗಿರಾಕಿಗಳಿಗೆ ಮರಾಠಿಯಲ್ಲಿ ಹೇಳಿದಳು. ಹೈದರಾಬಾದಿನವರಿಗೆ ತೆಲುಗಿನಲ್ಲಿ ಹೇಳಿದಳು. ಒಂದು ಸಲವೂ ಕೆಮ್ಮಲಿಲ್ಲ.

ಶರಫುದ್ದೀನ ಗ್ಲಾಸು ಕೆಳಗಿಟ್ಟ. "ಯಾರ್, ಇದು ನಿನಕಿಂತ ಛಲೋ ನೀನಾಗ್ಯಾದ."

"ನಿನ್ನ ಆಟೋಕ್ಕೂ ಕುತ್ತು ಬಂತಲ್ಲೋ."

"ನನಗೇನಾಗ್ತದ? ಮೈಕಿನ್ಯಾಗ ನೀ ಇದ್ರೂ ಆಟೋ ಓಡ್ಬೇಕು, ಮಷೀನ್ ಇದ್ರೂ ಓಡ್ಬೇಕು." ಅಂದವನು ಗೆಳೆಯನ ಮುಖ ನೋಡಿ, "ಫಿಕರ್ ನಕ್ಕೋ ಕರೋ, ಚಿಂತಿ ಬಿಡು" ಎಂದು ಸೇರಿಸಿದ. ಆದರೆ ಫಿಕರು ಆಗಲೇ ಬಂದು ಮೂರು ಕಾಲಿನ ಕುರ್ಚಿಯಲ್ಲಿ ಕೂತಿತ್ತು.

ಕೃತಕ ಬುದ್ಧಿ ಎದುರಿಗೆ ಬಂದಾಗ ಮನುಷ್ಯನಿಗೆ ಒದಗುವುದು ಕೃತ್ರಿಮ ಬುದ್ಧಿ. ಶುಕ್ರವಾರದ ಹೊತ್ತಿಗೆ ಕಲ್ಯಾಣಕುಮಾರ ನಿರ್ಧರಿಸಿದ್ದ: ವೆಬ್‌ಸೈಟು, ವಿಡಿಯೋ, ಹಾಡು ಮೂರನ್ನೂ ಇದ್ದದ್ದು ಇದ್ದ ಹಾಗೆ ತೋರಿಸುವುದು, ಮಾತಿನ ವಿಷಯ ಮಾತ್ರ ಎತ್ತದಿರುವುದು. ಒಂದನ್ನು ಮುಚ್ಚಿಡಲು ಮೂರು ನಿಜ ಹೇಳಿದರೆ ಲೆಕ್ಕದಲ್ಲಿ ಪುಣ್ಯವೇ ಹೆಚ್ಚು.

ಮಾದನಹಿಪ್ಪರಗಾದ ಸಂಘದ ತಗಡಿನ ಶೆಡ್ಡಿನಲ್ಲಿ ಹನ್ನೊಂದು ಒಲೆ, ಹನ್ನೊಂದು ಕಲ್ಲು. ಕಲ್ಯಾಣಕುಮಾರ ಹೋದಾಗ ಕೆಲಸ ನಡೆದಿತ್ತು. ಯಾರೂ ಕೈ ನಿಲ್ಲಿಸಲಿಲ್ಲ. ಬಿಸಿನೀರಿನಲ್ಲಿ ನಾದಿದ ಹಿಟ್ಟು ಯಾರ ಮಾತಿಗೂ ಕಾಯುವುದಿಲ್ಲ.

"ಬಂದ್ನೋಡ್ರಿ ಎ.ಐ.!" ಎಂದಳು ಹಜರಾಬಿ. ಬಾಯಿ ಜೋರಿದ್ದ ಹೆಂಗಸು.

"ಏ ಆಯಿ ಅಂತ ನನ್ನ್ಯಾಕ ಕರಿತಿ ಬೇ? ಇಲ್ಲೇ ಇದ್ದೇನಿ," ಎಂದಳು ನಿಂಬೆವ್ವ ತನ್ನ ಒಲೆಯ ಮುಂದಿನಿಂದ.

ಜಯಮಾಲಾ ಕೈ ಒರೆಸಿಕೊಂಡು ವೆಬ್‌ಸೈಟುಗಳನ್ನು ಎಲ್ಲರಿಗೂ ಕೇಳುವಂತೆ ಓದಿದಳು. ರೊಟ್ಟಿಗಳು ನಿಮ್ಮನ್ನು ತಿನ್ನಲು ಕಾದಿವೆ ಎಂಬಲ್ಲಿ ಹಜರಾಬಿಗೆ ನಗು ನೆತ್ತಿಗೆ ಹತ್ತಿತು. ಮಾಸ್ತರನ ಪುಟಕ್ಕೆ ಎಲ್ಲರೂ ತಲೆಯಾಡಿಸಿದರು. ವಿಡಿಯೋದಲ್ಲಿ ಲಟ್ಟಣಿಗೆ ಕಂಡದ್ದೇ ಶೆಡ್ಡು ಗೊಳ್ಳೆಂದಿತು.

"ಲಟ್ಟಣಗಿಲೆ ರೊಟ್ಟಿ ಮಾಡಾಕಿ ಬೆಳಿಗ್ಗಿ ಅತ್ತಿ ಮನಿಗಿ ಹೋದ್ರ ಸಂಜೀಕ ವಾಪಸ್ ಬರ್ತಾಳ!" ಎಂದಳು ಒಬ್ಬಳು.

"ವಿಡಿಯೋ ಯಾವುದೂ ಬ್ಯಾಡ," ಕಲ್ಯಾಣಕುಮಾರ ಹೇಳಿದ. "ನಿಮ್ಮ ಫೋನ್‌ಲೇ ಇಲ್ಲಿ ತೆಗದ್ರ ಇದಕಿಂತ ಛಲೋ."

ಹಾಡಿನ ಪರೀಕ್ಷೆ ಮಾತ್ರ ಅವನ ಕೈಯಲ್ಲಿ ಉಳಿಯಲಿಲ್ಲ. ಚಂದ ಅದ, ಚಂದ ಇಲ್ಲ ಎಂಬ ಮಾತೇ ಅಲ್ಲಿ ನಡೆಯಲಿಲ್ಲ. "ಹಾಡ್ ಹಚ್ಚು, ಬಡದು ನೋಡ್ತೀವಿ," ಎಂದಳು ಜಯಮಾಲಾ. ಆ ಶೆಡ್ಡಿನಲ್ಲಿ ಯಾವ ಹಾಡು ಬಂದರೂ ಹೀಗೆಯೇ. ರೇಡಿಯೋದ್ದಾಗಲಿ, ಅಜ್ಜಿಯದಾಗಲಿ, ಕೈಗೆ ಒಪ್ಪಿದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಜರಿಶಾಲಿನ ಹಾಡಿನಲ್ಲಿ ಡೋಲು, ಕಹಳೆ, ಹಿಂದೆ ಐವತ್ತು ಜನರ ಕೂಗು. ಕೈಗಳು ಅದರ ಹಿಂದೆ ಓಡಿದವು, ಮೂರನೆಯ ಸುತ್ತಿಗೆ ಹಜರಾಬಿಯ ರೊಟ್ಟಿಯ ಅಂಚು ಹರಿಯಿತು. ಪುಕ್ಕಟೆರಾಯನ ಹಾಡು ಜೋಗುಳದಂತೆ ತೂಗಿತು. ರೊಟ್ಟಿ ಅಗಲವಾಗುವ ಮೊದಲೇ ಹಿಟ್ಟು ಒಣಗಿ ಬಿರಿಯಿತು. ಮಾಸ್ತರ ಹಾಡು ಕಟ್ಟುವ ಮೊದಲು ಕೆಲಸದ ಸದ್ದು ಇದ್ದರೆ ಕೊಡಿ ಎಂದು ಕೇಳಿತ್ತು. ಕಲ್ಯಾಣಕುಮಾರ ಇದೇ ಶೆಡ್ಡಿನ ಒಂದು ಹಳೆಯ ವಿಡಿಯೋ ಕೊಟ್ಟಿದ್ದ. ಆ ಹಾಡು ಶುರುವಾಯಿತು. ನಾಲ್ಕನೆಯ ಸಾಲಿನ ಹೊತ್ತಿಗೆ ಹನ್ನೊಂದು ಕೈಗಳ ಬಡಿತ ಒಂದೇ ಕಡೆ ಬೀಳುತ್ತಿತ್ತು. ರೊಟ್ಟಿಗಳು ತಾವಾಗಿಯೇ ಸುತ್ತುತ್ತಿರುವಂತೆ ಅಗಲವಾದವು, ಹಂಚಿಗೆ ಹೋದವು, ಮೈಗೆ ನೀರು ಸವರಿಸಿಕೊಂಡು ಮಗ್ಗುಲಾದವು. ಹಾಡು ಮುಗಿದ ಮೇಲೂ ಬಡಿತ ಅದೇ ಲಯದಲ್ಲಿ ಸ್ವಲ್ಪ ದೂರ ನಡೆಯಿತು. ಕಲ್ಯಾಣಕುಮಾರನಿಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆದರೆ ಅವನ ಬೆರಳುಗಳೂ ಮೊಣಕಾಲ ಮೇಲೆ ತಾಳ ಹಾಕುತ್ತಿದ್ದವು.

"ಇದೇ," ಎಂದಳು ಜಯಮಾಲಾ. "ಮತ್ತ ಮಾತು? ಯಾವುದಕ್ಕ ಬರ್ತದ?"

"ಮಾತು ಯಾವುದಕ್ಕೂ ಬರಂಗಿಲ್ಲ," ಎಂದ ಕಲ್ಯಾಣಕುಮಾರ. ಸುಳ್ಳು ಹೇಳಿದಾಗ ಅವನ ದನಿ ನಡುಗಲಿಲ್ಲ; ಊರ ಡಾಕ್ಟರರ ನಿಧಾನದ ದನಿಯನ್ನು ಎರವಲು ತೆಗೆದುಕೊಂಡಿದ್ದ. "ಕನ್ನಡ ಅಂದ್ರ ತಡವರಸ್ತಾವ."

"ಹಂಗಾದ್ರ ಮೈಕಿನ ಕೆಲ್ಸ ನಿಂದೇ ಇರ್ಲಿ ಬಿಡಪ್ಪ."

ಗೆದ್ದೆ ಎಂದು ಅವನು ಉಸಿರು ಬಿಡುವಷ್ಟರಲ್ಲಿ ಒಲೆಯ ಮುಂದೆ ನಿಂಬೆವ್ವನ ಕೈ ನಿಂತಿತು.

"ಮಷೀನ್ ಬಂದ್ರ ಅದು ನಿಂತೀತಂತ ತಿಳಕೊಂಡಿದ್ದೆ," ಅಂದಳು. ಯಾರಿಗೆಂದೂ ಅಲ್ಲ, ಕಲ್ಲಿನ ಮೇಲಿನ ಹಿಟ್ಟಿಗೆ ಹೇಳಿದಂತೆ.

"ಯಾವ್ದು ಆಯಿ?"

"ನೀ ಕೂಗೋದು. ನನ್ನಂಗ ಅಂತ ಕೂಗ್ತಿಯಲ್ಲ, ಅದು." ಅವಳು ತಲೆಯೆತ್ತಿದಳು. "ಕರಜಗಿ ನನ್ನ ತವರೂರು. ಅಫಜಲಪುರ ಸಂತ್ಯಾಗ ಆ ಕಡಿ ಮಂದಿ ಎದುರಾದ್ರು. 'ಏನ್ ನಿಂಬಿ, ಹಲ್ಲೆಲ್ಲ ಉದುರಿ ಬೀದ್ಯಾಗ ಮಂದಿ ಕಾಲ್ ಹಿಡಿಯೋ ಹಂಗಾತೇನು' ಅಂದ್ರು. ನನ್ನ ಹಲ್ಲು ಒಂದೂ ಹೋಗಿಲ್ಲ, ನೋಡು." ತೋರಿಸಿದಳು. ಎಲೆಅಡಿಕೆಯಿಂದ ಕೆಂಪಾದ, ಪೂರ್ತಿ ಸಾಲು. "ನಾ ಯಾರಿಗೂ ತೊಗೋ ತೊಗೋ ಅಂದಾಕಿ ಅಲ್ಲ. ಅವತ್ತಿಂದ ಸಂತಿಗಿ ಹೋಗೋದು ಬಿಟ್ಟೇನಿ. ನಾಕ್ ವರ್ಷ ಆತು."

ಶೆಡ್ಡಿನಲ್ಲಿ ಒಂದೊಂದಾಗಿ ಕೈಗಳು ನಿಂತವು.

"ಮತ್ತ ಹೇಳಬೇಕಿತ್ತಲ್ಲ ಆಯಿ," ಎಂದ ಕಲ್ಯಾಣಕುಮಾರ. ಈಗ ಅವನಿಗೆ ಎರವಲು ದನಿ ಯಾವುದೂ ಸಿಗಲಿಲ್ಲ.

"ಹ್ಯಾಂಗ ಹೇಳ್ಲಿ? ರೊಟ್ಟಿ ಹೋಗಾಕತ್ತಿದ್ವು. ಹನ್ನೊಂದು ಮಂದಿ ಒಲಿ ಅದು. ಎಲ್ಲಾರೂ ನಗ್ತಿದ್ರು. ನಾನೂ ನಕ್ಕೆ."

ಅವಳು ನಕ್ಕದ್ದು ಅವನಿಗೆ ನೆನಪಿತ್ತು. ಮೊದಲ ಸಲ ರೆಕಾರ್ಡು ಕೇಳಿಸಿದಾಗ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಆ ಸೆರಗನ್ನು ಅವನು ಆರು ವರ್ಷ ಪ್ರಶಸ್ತಿಪತ್ರದಂತೆ ಮನಸ್ಸಿನಲ್ಲಿ ತೂಗುಹಾಕಿಕೊಂಡಿದ್ದ. ಇಡೀ ವಾರ ಅವನನ್ನು ಕಾಡಿದ ಸಂಕಟ, ತನ್ನದನ್ನು ತನ್ನನ್ನು ಕೇಳದೆ ಒಬ್ಬರು ತೆಗೆದುಕೊಂಡು ತನಗಿಂತ ಚೆನ್ನಾಗಿ ಆಡುತ್ತಿದ್ದಾರೆ ಎಂಬುದು, ಈ ಮುದುಕಿಯನ್ನು ನಾಲ್ಕು ವರ್ಷ ಕಾಡಿತ್ತು. ಅವಳಿಗಾದರೆ ಚೆನ್ನಾಗಿ ಆಡಿದರೆಂಬ ಸಮಾಧಾನವೂ ಇರಲಿಲ್ಲ.

"ನಾ ಸುಳ್ಳ ಹೇಳಿದೆ," ಎಂದ ಕಲ್ಯಾಣಕುಮಾರ. "ಹಾಡು ಕಟ್ಟಿದ್ದಕ್ಕ ಮಾತೂ ಬರ್ತದ. ನನಗಿಂತ ಛಲೋ ಬರ್ತದ. ನಿನ್ನ ದನಿ ಅಂತ ನಾನೇ ಅದಕ್ಕ ಕೊಟ್ಟೇನಿ."

"ಕೇಳಸು," ಎಂದಳು ನಿಂಬೆವ್ವ.

ಅವನು ಅವಳ ಈಗಿನ ಮಾತನ್ನೇ ಫೋನಿನಲ್ಲಿ ಒತ್ತಿ ಬರೆದ. ಸ್ಪೀಕರು ಗಂಟಲು ತೆರೆಯಿತು: "ನಾನು ನಿಂಬೆವ್ವ. ನನ್ನ ಹಲ್ಲು ಒಂದೂ ಹೋಗಿಲ್ಲ." ಬೊಚ್ಚು ಬಾಯಿಯಿಂದ ಗಾಳಿ ಸೋರುತ್ತ, ಗೋಗರೆಯುತ್ತ ಹೇಳಿತು. ಯಾರೋ ಕಿಸಕ್ಕೆಂದರು, ಆಮೇಲೆ ನಗು ಎಲ್ಲಿ ಇಡಬೇಕೆಂದು ತಿಳಿಯದೆ ನೆಲ ನೋಡಿದರು.

ನಿಂಬೆವ್ವ ತಲೆ ವಾಲಿಸಿ ಎರಡನೆಯ ಸಲವೂ ಕೇಳಿದಳು. "ಇದರಾಗ ನಾ ಎಲ್ಲಿದ್ದೇನಿ? ಇದೂ ನೀನೇ. ತಗಿ ಅದನ್ನ."

ಅವನು ಫೋನಿನಿಂದ ಅಳಿಸಿದ. ಹಳೆಯ ರೆಕಾರ್ಡನ್ನೂ ಅಳಿಸಿದ. ಆರು ವರ್ಷ ಮೂರು ತಾಲ್ಲೂಕು ಸುತ್ತಿದ ದನಿ ಹೋಗಲು ಎರಡು ಸಲ ಬೆರಳು ಒತ್ತಿದರೆ ಸಾಕಾಯಿತು.

ಜಯಮಾಲಾ ಲೆಕ್ಕದ ಹೆಂಗಸು. "ಹಂಗಾದ್ರ ಆಯಿದು ಖರೇ ದನಿ ಕೊಡೋಣ ಅದಕ್ಕ. ಆಯಿ, ಅರ್ಧ ನಿಮಿಷ ಮಾತಾಡು."

"ಒಲ್ಲೆ," ಎಂದಳು ನಿಂಬೆವ್ವ. "ನನ್ನ ದನಿ ನನಗ ಬೇಕಾಗ್ತದ."

ಮಷೀನಿನಲ್ಲಿಯೇ ಇದ್ದ ಸಿದ್ಧ ದನಿಯೊಂದನ್ನು ಜಯಮಾಲಾ ಹಚ್ಚಿ ನೋಡಿದಳು. ಜೇನು ಸವರಿದಂಥ ಹೆಣ್ಣುದನಿ "ನಮಸ್ಕಾರ ಆತ್ಮೀಯರೇ" ಎಂದಿತು. "ಬ್ಯಾಂಕಿನ್ಯಾಗಿಂದ ಫೋನ್ ಬಂದಂಗಾತು, ಕಟ್ ಮಾಡ್ರಿ," ಎಂದಳು ಹಜರಾಬಿ.

"ಇವ ಹೇಳ್ಲಿ," ನಿಂಬೆವ್ವ ಕಲ್ಯಾಣಕುಮಾರನತ್ತ ಗದ್ದ ತೋರಿಸಿದಳು. "ಇವ, ಇವನಂಗ. ನಾ ಹೇಳಿದ್ದಷ್ಟೇ: ಮಾದನಹಿಪ್ಪರಗಾದ ರೊಟ್ಟಿ. ಬಿಳಿಜ್ವಾಳದ್ದು. ಹನ್ನೊಂದು ಮಂದಿ ಕೈಲೆ ಬಡದದ್ದು. ಬೇಕಾದ್ರ ತೊಗೊರ್ರಿ. ಮುಗೀತು."

ಕಲ್ಯಾಣಕುಮಾರ ಫೋನನ್ನು ಬಾಯಿಯ ಮುಂದೆ ಹಿಡಿದ. "ಮಾದನಹಿಪ್ಪರಗಾದ ರೊಟ್ಟಿ!"

"ಅದು ಕಂಡಕ್ಟರ್," ಎಂದಳು ಹಜರಾಬಿ. "ಟಿಕೆಟ್ ಕೊಡ್ತಾನ ಈಗ."

ಮತ್ತೆ ಹೇಳಿದ.

"ಅದು ಲೀಡರ್," ಎಂದರು ಇಬ್ಬರು ಒಟ್ಟಿಗೆ.

ಮೂರನೆಯದು ಯಾರದೆಂದು ಅವನಿಗೇ ಗೊತ್ತಾಯಿತು. ಮಗಳನ್ನು ಕಳಿಸುವ ಅಪ್ಪ ಕೆಮ್ಮುತ್ತಿದ್ದ. ತಾನೇ ಕೈಯೆತ್ತಿ ನಿಲ್ಲಿಸಿದ. ಬಾಡಿಗೆಯವರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದ ಮನೆಯಲ್ಲಿ ನಿಂತಂತಾಯಿತು. ಎಲ್ಲಿ ಬಾಗಿಲು, ಎಲ್ಲಿ ದೀಪದ ಗುಂಡಿ ಒಂದೂ ನೆನಪಿರಲಿಲ್ಲ. ಹೆಂಗಸರು ಹಿಟ್ಟಿಗೆ ಕೈ ಹಚ್ಚಿದರು, ಒಂದು ಕಲ್ಲು, ಎರಡು ಕಲ್ಲು, ಮತ್ತೆ ಬಡಿತ ಕೂಡಿಕೊಂಡಿತು. ಯಾರೂ ತನ್ನನ್ನು ನೋಡದಿದ್ದಾಗ ಅವನು ನಾಲ್ಕನೆಯ ಸಲ ಹೇಳಿದ. ಸಪ್ಪೆಯಾಗಿತ್ತು. ಸ್ವಲ್ಪ ತೆಳ್ಳಗಿತ್ತು. 'ಬೇಕಾದ್ರ' ಎಂಬಲ್ಲಿ ಒಂದು ಚೂರು ತಡೆದು ಮುಂದೆ ಹೋಯಿತು.

ಹಜರಾಬಿ ಬಾಯಿ ತೆರೆದಳು, ಹೆಸರು ಸಿಗದೆ ಮುಚ್ಚಿದಳು. ನಿಂಬೆವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಇದು ಯಾರ್ದೋ ನನಗ ಗೊತ್ತಾಗ್ಲಿಲ್ಲ," ಅಂದಳು. "ಇದನ್ನೇ ಹಾಕು."